‘ದ ಮಾಲ್ಟೀಸ್ ಫಾಲ್ಕನ್’ನಲ್ಲಿ ಅಂಥದ್ದೇನಿದೆ?

‘ಎಲ್ಲರೂ ಹೊಗಳುತ್ತಾರೆಂದು ಈ ಹಳೆಯ ಹಾಲಿವುಡ್ ಪತ್ತೇದಾರಿ ಸಿನಿಮಾ ನೋಡಿದೆ. ಕೋಣೆಯಲ್ಲಿ ಕೂತು ಮಾತಾಡುವುದೇ ಆಯಿತು, ಯಾರು ಯಾರನ್ನು ಕೊಂದರೆಂಬುದೂ ತಲೆಗೆ ಹತ್ತಲಿಲ್ಲ’ ಎಂದು ಬರೆದಿದ್ದೀರಿ. ಮೊದಲ ಸಲ ನನಗೂ ಹೀಗೇ ಆಗಿತ್ತು. ಅರ್ಧಕ್ಕೆ ತೂಕಡಿಸಿದ್ದೆ ಕೂಡ.

ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ಗುಟ್ಟು ಬಿಡಿಸಬೇಕು. ಇಲ್ಲೂ ಕೊಲೆಗಾರರು ಸಿಗುತ್ತಾರೆ, ಆದರೆ ರುಚಿ ಇರುವುದು ಅಲ್ಲಲ್ಲ. ಎಲ್ಲರೂ ಸುಳ್ಳು ಹೇಳುತ್ತಾರೆ. ಅದು ಸುಳ್ಳೆಂದು ಕೇಳುವವನಿಗೆ ಗೊತ್ತು, ಅವನಿಗೆ ಗೊತ್ತೆಂದು ಹೇಳುವವರಿಗೂ ಗೊತ್ತು. ಆದರೂ ವ್ಯವಹಾರ ನಡೆಯುತ್ತಲೇ ಇರುತ್ತದೆ. ನಾವು ನಂಬಿದ್ದು ನಿಮ್ಮ ಕಥೆಯನ್ನಲ್ಲ, ನಿಮ್ಮ 200 ಡಾಲರನ್ನು ಎಂದು ಪತ್ತೇದಾರ ಸ್ಯಾಮ್ ಸ್ಪೇಡ್ ಕೇಸು ತಂದ ಬ್ರಿಜಿಡ್ ಎಂಬ ಹೆಣ್ಣಿಗೇ ಹೇಳಿಬಿಡುತ್ತಾನೆ.

ನನ್ನನ್ನು ಹಿಡಿದು ಹಾಕಿದ್ದು ಒಂದು ಪುಟ್ಟ ದೃಶ್ಯ. ಗಿಡುಗದ ವಿಗ್ರಹದ ಹಿಂದೆ ಬಿದ್ದ ಗಟ್‌ಮನ್‌ನ ಹೋಟೆಲ್ ಕೋಣೆಯಲ್ಲಿ ಸ್ಪೇಡ್ ಕೂಗಾಡಿ, ಗಾಜಿನ ಲೋಟ ಒಡೆದು, ಬಾಗಿಲು ಬಡಿದು ಹೊರಬರುತ್ತಾನೆ. ಹೊರಗೆ ಬಂದವನ ಮುಖದಲ್ಲಿ ನಗು! ಹಾಗಾದರೆ ಆ ಸಿಟ್ಟೆಲ್ಲ ನಾಟಕ ಎಂದುಕೊಳ್ಳುವಷ್ಟರಲ್ಲಿ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾನೆ. ಕೈ ನಡುಗುತ್ತಿದೆ. ಒಂದೇ ಒಂದು ಮಾತಿಲ್ಲ. ಎಷ್ಟು ನಟನೆ, ಎಷ್ಟು ಭಯ ಎಂಬುದು ಅವನಿಗಾದರೂ ಗೊತ್ತಿದೆಯೇ? ಕೊನೆಗೆ ಬ್ರಿಜಿಡ್‌ಳನ್ನು ಪೊಲೀಸರಿಗೆ ಒಪ್ಪಿಸುವಾಗ ಅವನು ಕಾರಣಗಳನ್ನು ಒಂದೊಂದಾಗಿ ಎಣಿಸುತ್ತಾನಲ್ಲ, ಅಲ್ಲಿಯೂ ನನಗೆ ಆ ನಡುಗುವ ಕೈಯೇ ನೆನಪಾಗುತ್ತದೆ. ಪ್ರೀತಿಯಿಲ್ಲದವನಿಗೆ ಅಷ್ಟು ಕಾರಣ ಬೇಕಾಗುವುದಿಲ್ಲ.

ಈ ಒರಟುತನ ಚಿತ್ರದ ಮೂಲ ಕಾದಂಬರಿಯಿಂದಲೇ ಬಂದದ್ದು. ಬರೆದ ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಸಂಸ್ಥೆಯಲ್ಲಿ ಪತ್ತೇದಾರನಾಗಿದ್ದವನು. 1931ರಲ್ಲಿ, 1936ರಲ್ಲಿ ಇದೇ ಕಥೆ ಸಿನಿಮಾ ಆಗಿತ್ತು. ಇಂದು ಜನ ನೆನೆಯುವುದು 1941ರದ್ದನ್ನೇ. ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೊದಲ ಚಿತ್ರ ಇದು. ಸ್ಪೇಡ್ ಪಾತ್ರವನ್ನು ಜಾರ್ಜ್ ರಾಫ್ಟ್ ಬೇಡವೆಂದ, ಹಂಫ್ರಿ ಬೋಗಾರ್ಟ್‌ಗೆ ಒಲಿಯಿತು. ಗಟ್‌ಮನ್ ಆದ ಸಿಡ್ನಿ ಗ್ರೀನ್‌ಸ್ಟ್ರೀಟ್ ಅರವತ್ತು ದಾಟಿದ ಮೇಲೆ ಮೊದಲ ಸಲ ಕ್ಯಾಮೆರಾ ಮುಂದೆ ನಿಂತವನು. ಕ್ಯಾಮೆರಾವನ್ನು ಕೆಳಗಿಟ್ಟು ಆ ಹೊಟ್ಟೆಯೇ ಪರದೆ ತುಂಬುವಂತೆ ಮಾಡಿದ್ದಾರೆ, ಗಮನಿಸಿ. ಇಂಥ ಚಿತ್ರಗಳಿಗೆ ‘ಫಿಲ್ಮ್ ನ್ವಾರ್’ (ಕಪ್ಪು ಚಿತ್ರ) ಎಂಬ ಹೆಸರು ಅಂಟಿಸಿದವರು 1946ರಲ್ಲಿ ಫ್ರೆಂಚ್ ವಿಮರ್ಶಕರು. ತೆಗೆದವರಿಗೆ ಆ ಹೆಸರೇ ಗೊತ್ತಿರಲಿಲ್ಲ.

ಇನ್ನೊಂದು ಸಲ ನೋಡುವುದಾದರೆ ಕೊಲೆಯ ಲೆಕ್ಕ ಬಿಟ್ಟುಬಿಡಿ. ಯಾರು ಮಾತಾಡುತ್ತಿದ್ದಾರೋ ಅವರನ್ನಲ್ಲ, ಕೇಳಿಸಿಕೊಳ್ಳುತ್ತಿರುವವರ ಮುಖ ನೋಡಿ. ಕೊನೆಯಲ್ಲಿ ಲಿಫ್ಟಿನ ಸರಳುಗಳ ನೆರಳು ಬ್ರಿಜಿಡ್‌ಳ ಮುಖದ ಮೇಲೆ ಬೀಳುವುದನ್ನು ತಪ್ಪಿಸಿಕೊಳ್ಳಬೇಡಿ. ಮತ್ತೆ, ಉಪಶೀರ್ಷಿಕೆ ಹಾಕಿಕೊಳ್ಳಿ. ಗಟ್‌ಮನ್ ಮಾತಿನ ಓಟಕ್ಕೆ ನನಗೆ ಈಗಲೂ ಬೇಕು.