ಬೆರಳುಗಳಿಂದ ಹಾಡಿದ ಪಿಯಾನೊ ವಾದಕ

ಪ್ರಶ್ನೆ: ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಐವರ ತಂಡದಲ್ಲಿ ಪಿಯಾನೊ ನುಡಿಸಿದ ಹರ್ಬಿ ಹ್ಯಾನ್‌ಕಾಕ್ ಅವರ ಸಂಗೀತವನ್ನು ಬಹುಕಾಲದಿಂದ ಕೇಳುತ್ತಿದ್ದೇನೆ. ಈಚೆಗೆ ಅವರ 1978ರ ‘ಸನ್‌ಲೈಟ್’ ಆಲ್ಬಂ ಕೇಳಿ ಕಸಿವಿಸಿಯಾಯಿತು. ಡಿಸ್ಕೊ ತಾಳ, ಯಂತ್ರವೇ ಹಾಡಿದಂಥ ಕಂಠ! ಇಂಥ ಕಲಾವಿದರೂ ಹಣಕ್ಕಾಗಿ ಜಾಝ್ ಅನ್ನು ಬಿಟ್ಟುಬಿಟ್ಟರೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬಿಡಲಿಲ್ಲ. ನೀವು ಹೇಳುವ 1978ರಲ್ಲಿಯೇ ಹ್ಯಾನ್‌ಕಾಕ್ ಅವರು ಇನ್ನೊಬ್ಬ ಜಾಝ್ ಪಿಯಾನೊ ವಾದಕ ಚಿಕ್ ಕೊರಿಯಾ ಅವರೊಡನೆ ಎರಡು ಪಿಯಾನೊಗಳ ಕಛೇರಿಗಳನ್ನು ನಡೆಸಿದರು. ಜಪಾನಿನಲ್ಲಿ ಒಬ್ಬರೇ ಕುಳಿತು ನುಡಿಸಿದ ಪಿಯಾನೊ ವಾದನವೊಂದನ್ನು ಧ್ವನಿಮುದ್ರಿಸಿದರು. ಜನಪ್ರಿಯ ಆಲ್ಬಂಗಳನ್ನು ಮಾತ್ರ ಎದುರಿಗಿಟ್ಟುಕೊಂಡರೆ ಆ ವರ್ಷಗಳ ಅರ್ಧ ಚಿತ್ರವಷ್ಟೇ ಕಾಣುತ್ತದೆ.

ತಾಳದ ಒತ್ತನ್ನೇ ಮುಂದಿಡುವ ಫಂಕ್ ಸಂಗೀತದ ಕಡೆಗೆ ಅವರು ತಿರುಗಿದ್ದು ಡಿಸ್ಕೊ ಅಲೆಗಿಂತ ಮೊದಲೇ. ಫಂಕ್ ಗಾಯಕರಾದ ಸ್ಲೈ ಸ್ಟೋನ್ ಮತ್ತು ಜೇಮ್ಸ್ ಬ್ರೌನ್ ಅವರ ಸಂಗೀತದ ಮೇಲಿನ ಮೆಚ್ಚುಗೆ 1973ರ ‘ಹೆಡ್ ಹಂಟರ್ಸ್’ನಲ್ಲಿ ಎದ್ದು ಕೇಳಿಸುತ್ತದೆ, ಅದರ ಒಂದು ರಚನೆಯ ಹೆಸರೇ ‘ಸ್ಲೈ’. ಅದೇ ಆಲ್ಬಂನ ‘ಕಮೀಲಿಯನ್’ ಆರಂಭವಾಗುವಾಗ ಕೇಳುವ ತಗ್ಗು ಸ್ವರಗಳ ಬಾಸ್ ಸಾಲನ್ನು ಗಿಟಾರಿನಲ್ಲಿ ನುಡಿಸಿಲ್ಲ, ಹ್ಯಾನ್‌ಕಾಕ್ ಅವರೇ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಲಿಮಣೆ ವಾದ್ಯದ ಮೇಲೆ ನುಡಿಸಿದ್ದಾರೆ. ಕಾಲೇಜಿನಲ್ಲಿ ಮೊದಲು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಹೊರಟು ಬಳಿಕ ಸಂಗೀತಕ್ಕೆ ಬಂದ ಈ ಮನುಷ್ಯನಿಗೆ ಹೊಸ ವಾದ್ಯವೆಂದರೆ ಬಿಚ್ಚಿ ನೋಡಬೇಕಾದ ಕೌತುಕ. ‘ಹೆಡ್ ಹಂಟರ್ಸ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು ಎಂಬುದು ನಿಜ, ಆ ಯಶಸ್ಸು ಮುಂದಿನ ಹೆಜ್ಜೆಗಳಿಗೆ ಧೈರ್ಯ ಕೊಟ್ಟಿರಬೇಕು ಎಂಬುದನ್ನೂ ಅಲ್ಲಗಳೆಯಲಾರೆ.

‘ಸನ್‌ಲೈಟ್’ನಲ್ಲಿ ಹೊಸದಾಗಿ ಬಂದದ್ದು ಹಾಡು. ಹ್ಯಾನ್‌ಕಾಕ್ ಗಾಯಕರಲ್ಲ, ಆದ್ದರಿಂದ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ವೋಕೋಡರ್ ಅನ್ನು ಬಳಸಿದರು. ಮೈಕಿಗೆ ಉಸುರಿದ ಮಾತಿನ ಅಕ್ಷರರೂಪವನ್ನು ಈ ಯಂತ್ರ ಸಿಂಥಸೈಜರಿನ ನಾದಕ್ಕೆ ತೊಡಿಸುತ್ತದೆ, ಸ್ವರಸ್ಥಾನವನ್ನು ಮಾತ್ರ ಕೀಲಿಮಣೆಯ ಮೇಲಿನ ಬೆರಳುಗಳೇ ನಿರ್ಧರಿಸುತ್ತವೆ. ಅಂದರೆ ಯಂತ್ರದ ಕಂಠವೆಂದು ನಿಮಗೆ ತೋರಿದ್ದು ಪಿಯಾನೊ ವಾದಕನ ಕೈಯೇ. ಒಂದೇ ಬಾಯಿಯ ಮಾತು ಹಲವು ಸ್ವರಗಳ ಗೊಂಚಲಾಗಿ ಹೊಮ್ಮುವುದು ಇದರಿಂದಲೇ. ‘ಐ ಥಾಟ್ ಇಟ್ ವಾಸ್ ಯೂ’ ಹಾಡು ಸುಮಾರು ಒಂಬತ್ತು ನಿಮಿಷಗಳಷ್ಟು ದೀರ್ಘವಾಗಿದ್ದರೂ ಅದರ ಕಿರುರೂಪ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 15ನೆಯ ಸ್ಥಾನದವರೆಗೆ ಏರಿತು. ಆ ಹಾಡಿನಲ್ಲಿ ನನಗೆ ಕೇಳಿಸುವುದು ನಿಜವಾದ ಸಂತೋಷ, ಲೆಕ್ಕಾಚಾರವಲ್ಲ.

ಆದರೂ ನಿಮ್ಮ ಕಸಿವಿಸಿಗೆ ಆಧಾರವಿದೆ. ಅದು ಮುಂದಿನ ಆಲ್ಬಂಗಳಿಗೆ ಹೆಚ್ಚು ಸಲ್ಲುತ್ತದೆ. 1979ರ ‘ಫೀಟ್ಸ್, ಡೋಂಟ್ ಫೇಲ್ ಮೀ ನೌ’ ಮತ್ತು ಜನಪ್ರಿಯ ಗೀತರಚನಕಾರ ರಾಡ್ ಟೆಂಪರ್ಟನ್ ಅವರ ರಚನೆಗಳನ್ನೊಳಗೊಂಡ 1982ರ ‘ಲೈಟ್ ಮೀ ಅಪ್’ ಎರಡರಲ್ಲಿಯೂ ಹ್ಯಾನ್‌ಕಾಕ್ ಅವರನ್ನು ಹುಡುಕಬೇಕಾಗುತ್ತದೆ. ಡಿಸ್ಕೊದ ಬಡಿತ ನರ್ತಿಸುವವರ ಪಾದಗಳಿಗಾಗಿ ನಾಲ್ಕು ಏಟುಗಳನ್ನೂ ಸಮನಾಗಿ ಹಿಡಿದಿಡುತ್ತದೆ, ಜಾಝ್ ವಾದಕನ ಮನೋಧರ್ಮವೋ ಆ ಸಮತೆಯನ್ನು ಹಿಗ್ಗಿಸಿ ಕುಗ್ಗಿಸಿಯೇ ಬದುಕುತ್ತದೆ. ಮೈಲ್ಸ್ ತಂಡದಲ್ಲಿ ಅನಿರೀಕ್ಷಿತ ಸ್ವರಗುಚ್ಛಗಳಿಂದ ಇಡೀ ತಂಡದ ದಿಕ್ಕನ್ನೇ ಬದಲಿಸುತ್ತಿದ್ದವರಿಗೆ ಮೊದಲೇ ಕಟ್ಟಿಟ್ಟ ಹಾಡಿನೊಳಗೆ ಕೈಯಾಡಿಸಲು ಜಾಗವೇ ಸಾಲದು. ಆ ಇಕ್ಕಟ್ಟಿನಿಂದ ಅವರು ಹೊರಬಂದದ್ದು 1983ರ ‘ರಾಕಿಟ್’ ಎಂಬ ರಚನೆಯಲ್ಲಿ, ಅದೂ ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆಮುಂದೆ ಎಳೆದು ಹೊರಡಿಸಿದ ಕರಕರ ಸದ್ದಿನ ಜೊತೆಯಲ್ಲಿ.

‘ಸನ್‌ಲೈಟ್’ ಅನ್ನು ಇನ್ನೊಮ್ಮೆ ಕೇಳುವಾಗ ದಯವಿಟ್ಟು ಕೊನೆಯ ‘ಗುಡ್ ಕ್ವೆಶ್ಚನ್’ನಿಂದ ಆರಂಭಿಸಿ. ಅಲ್ಲಿ ಬಾಸ್ ಜಾಕೊ ಪಾಸ್ಟೋರಿಯಸ್ ಅವರದು, ಡ್ರಮ್ಸ್ ಟೋನಿ ವಿಲಿಯಮ್ಸ್ ಅವರದು. ನೀವು ಬಹುಕಾಲದಿಂದ ಕೇಳುತ್ತಿರುವ ಮೈಲ್ಸ್ ಅವರ ತಂಡಕ್ಕೆ 1963ರಲ್ಲಿ ಹ್ಯಾನ್‌ಕಾಕ್ ಅವರ ಜೊತೆಯಲ್ಲಿಯೇ ಸೇರಿದ ಟೋನಿ ವಿಲಿಯಮ್ಸ್ ಇವರೇ.