ನೆಂಟರಾಗಿ ಹೋಗಬೇಡಿ

ಓದುಗರ ಪತ್ರ: ನಾವು ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಗಂಡನ ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆ. ನಮ್ಮದು ದೀವರು ಸಮುದಾಯದ ಮನೆ. ಅಲ್ಲಿ ಅತ್ತೆ, ಮಾವ ಮತ್ತು ಮಾವನ ತಾಯಿ ಇದ್ದಾರೆ. ಮುತ್ತಜ್ಜಿಗೆ ತೊಂಬತ್ತರ ಹತ್ತಿರ; ಕಿವಿ ಮಂದ, ಮರೆವು ಹೆಚ್ಚು. ಕಳೆದ ಬೇಸಿಗೆಯಲ್ಲಿ ಮಗಳನ್ನು ನೋಡಿ ‘ಇದು ಯಾರ ಮನೆಯ ಹುಡುಗಿ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಎಲ್ಲರೂ ಸೇರಿ ಅವಳನ್ನು ಅವರ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆದರು. ಅವಳು ಅತ್ತುಬಿಟ್ಟಳು, ಆಮೇಲೆ ಆ ಕೋಣೆಗೆ ಹೋಗಲೇ ಇಲ್ಲ. ಅತ್ತೆ ಹಬ್ಬದ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಮಾತ್ರ ಮುತ್ತಜ್ಜಿ ಚುರುಕಾಗಿ, ಗೆರೆ ಡೊಂಕಾಯಿತೆಂದು ತಪ್ಪು ತೋರಿಸುತ್ತಾರಂತೆ. ಈ ದಸರಾ ರಜೆಯಲ್ಲಿ ನಾಲ್ಕು ದಿನ ಮೈಸೂರು, ಕೊನೆಗೆ ಎರಡು ದಿನ ಊರು ಎಂದುಕೊಂಡಿದ್ದೇವೆ. ಗುರುತೇ ಹಿಡಿಯದವರ ಬಳಿಗೆ ಪುಟ್ಟ ಮಕ್ಕಳನ್ನು ಕರೆದೊಯ್ದು ಏನು ಪ್ರಯೋಜನ? ಇದೇ ಕೊನೆಯ ಭೇಟಿ ಆಗಬಹುದೆಂದು ಮಗಳಿಗೆ ಹೇಳಬೇಕೇ? (ಹೆಸರು ಬೇಡ, ಬೆಂಗಳೂರು)

ಸಂಪಾದಕರ ಉತ್ತರ:

ಸಹೋದರಿ,

ಹೋಗಿ. ಆದರೆ ನಿಮ್ಮ ದಿನಗಳ ಲೆಕ್ಕವನ್ನು ತಿರುವಿ ಹಾಕಿ. ಹೆಚ್ಚು ದಿನ ಊರಿಗೆ ಇರಲಿ, ಉಳಿದರೆ ಮೈಸೂರು. ಜಂಬೂಸವಾರಿ ಬರುವ ವರ್ಷವೂ ಹೊರಡುತ್ತದೆ. ಚಿಕ್ಕ ಮಕ್ಕಳಿಗೆ ಎರಡು ದಿನದ ಭೇಟಿಯಷ್ಟು ಕಷ್ಟವಾದದ್ದು ಬೇರೆ ಇಲ್ಲ. ಮೊದಲ ದಿನ ಸಂಕೋಚದಲ್ಲೇ ಕಳೆಯುತ್ತದೆ. ಎರಡನೆಯ ದಿನ ಕೊಟ್ಟಿಗೆಯ ಕರು, ಹಿತ್ತಿಲಿನ ಪೇರಲೆ ಮರ, ಜಗಲಿಯ ನಾಯಿ ಒಂದೊಂದಾಗಿ ಪರಿಚಯವಾಗುವ ಹೊತ್ತಿಗೆ ದೊಡ್ಡವರು ಚೀಲ ಕಟ್ಟಲು ತೊಡಗಿರುತ್ತಾರೆ. ಊರು ಮಕ್ಕಳ ಮೈಗೆ ಹತ್ತಬೇಕಾದರೆ ಕನಿಷ್ಠ ಒಂದು ವಾರ ಬೇಕು.

‘ಏನು ಪ್ರಯೋಜನ’ ಎಂದು ಕೇಳಿದ್ದೀರಿ. ಕೇಳಲು ನಿಮಗೆಷ್ಟು ಸಂಕಟವಾಗಿರಬೇಕು ಎಂಬುದು ನಿಮ್ಮ ಅಕ್ಷರದಲ್ಲೇ ಗೊತ್ತಾಗುತ್ತದೆ. ಮೊದಲು ಮಗಳ ಹೆದರಿಕೆಯ ವಿಷಯ. ಅವಳು ಮುತ್ತಜ್ಜಿಗೆ ಹೆದರಿದ್ದಲ್ಲ ಎಂದು ನನಗೆ ತೋರುತ್ತದೆ. ಸುತ್ತ ನಿಂತವರೆಲ್ಲ ಕೈ ಹಿಡಿದು ಎಳೆದು, ಅಪರಿಚಿತ ತೊಡೆಯ ಮೇಲೆ ಕೂರಿಸಿ, ‘ನಗು, ನಗು’ ಎಂದು ಮೊಬೈಲ್ ಹಿಡಿದರೆ ಯಾವ ಮಗುವೂ ಅಳುತ್ತದೆ. ಈ ಸಲ ಆ ಶಾಸ್ತ್ರವನ್ನು ಪೂರ್ತಿ ಬಿಟ್ಟುಬಿಡಿ. ಕಾಲಿಗೆ ಬೀಳಬೇಕು, ಮುತ್ತು ಕೊಡಬೇಕು, ಶಾಲೆಯಲ್ಲಿ ಕಲಿತ ಹಾಡು ಹೇಳಬೇಕು ಎಂಬ ಒತ್ತಾಯ ಯಾವುದೂ ಬೇಡ. ಇದನ್ನು ನೀವು ಹೇಳಿದರೆ ಸೊಸೆಯ ಸೊಕ್ಕು ಎನ್ನಿಸೀತು. ನಿಮ್ಮ ಯಜಮಾನರು ಹೊರಡುವ ಮೊದಲೇ ತಮ್ಮ ತಂದೆಗೆ ಫೋನಿನಲ್ಲಿ ಹೇಳಲಿ.

ಎರಡನೆಯದು ಕಿವಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನು. ಮಕ್ಕಳ ದನಿ ಇರುವುದೇ ಆ ಎತ್ತರದಲ್ಲಿ. ನಿಮ್ಮ ಮಾವನ ಗಡಸು ಮಾತು ಮುತ್ತಜ್ಜಿಗೆ ಕೇಳಿಸಿ, ಮಗಳ ಮಾತು ಕೇಳಿಸದೆ ಹೋಗುವುದಕ್ಕೆ ಕಾರಣ ಇದು. ಮಗು ಅದನ್ನು ಉದಾಸೀನ ಎಂದುಕೊಳ್ಳುತ್ತದೆ. ಕಿರುಚಿದರೆ ಪ್ರಯೋಜನವಿಲ್ಲ, ಸ್ವರ ಇನ್ನಷ್ಟು ಮೇಲೇರುತ್ತದೆ. ಎದುರಿಗೆ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು, ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಮಗಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ. ‘ಯಾರ ಮನೆಯ ಹುಡುಗಿ?’ ಎಂಬ ಪ್ರಶ್ನೆಗೂ ಒಂದು ಉತ್ತರ ಸಿದ್ಧವಿರಲಿ: ತನ್ನ ಹೆಸರು, ಅಪ್ಪನ ಹೆಸರು, ‘ಇದೇ ಮನೆಯವಳು’ ಎಂಬ ಮಾತು. ಹತ್ತು ಸಲ ಕೇಳಿದರೆ ಹತ್ತು ಸಲವೂ ಅಷ್ಟೇ ಸಮಾಧಾನದಿಂದ ಹೇಳಬೇಕು. ‘ಆಗಲೇ ಹೇಳಿದೆವಲ್ಲ, ನೆನಪಿಲ್ಲವೇ?’ ಎಂದು ದೊಡ್ಡವರು ಗದರುವುದನ್ನು ಮಗು ನೋಡದಿರಲಿ. ಮುತ್ತಜ್ಜಿಯ ತಲೆಯೊಳಗಿನ ನೆನಪಿನ ಜಾಗಕ್ಕೆ ವಯಸ್ಸಾಗಿದೆ, ಹೊಸ ಸಂಗತಿ ಅಲ್ಲಿ ನಿಲ್ಲುವುದಿಲ್ಲ, ಹಳೆಯದು ಇದೆ ಎಂದು ನೇರವಾಗಿ ಹೇಳಿ. ಆರು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಮರೆವು ಇರುವವರಿಗೆ ಸಂಜೆ ಹೊತ್ತು ತಳಮಳ ಹೆಚ್ಚು. ಮಕ್ಕಳನ್ನು ಬೆಳಗಿನ ತಿಂಡಿಯಾದ ಮೇಲೆ, ಅವರು ಬಿಸಿಲಿಗೆ ಕುಳಿತಿರುವಾಗ ಹತ್ತಿರ ಬಿಡಿ. ಕಾಲು ಗಂಟೆ ಸಾಕು. ದಿನವೂ ಕಾಲು ಗಂಟೆ.

ಆ ಕಾಲು ಗಂಟೆಯಲ್ಲಿ ಏನು ಮಾಡಬೇಕು ಎಂಬುದಕ್ಕೆ ಉತ್ತರವನ್ನು ನೀವೇ ಪತ್ರದ ನಡುವೆ ಒಂದು ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ. ಅದನ್ನು ಓದಿ ನನಗಂತೂ ಬಹಳ ಸಂತೋಷವಾಯಿತು. ಬುಟ್ಟಿ! ವಿಜಯದಶಮಿಯಾಗಿ ಐದನೆಯ ದಿನಕ್ಕೆ ಭೂಮಿ ಹುಣ್ಣಿಮೆ. ನಿಮ್ಮವರ ಮನೆಗಳಲ್ಲಿ ಅದರ ಸಿದ್ಧತೆ ನಡೆಯುವುದು ಸರಿಯಾಗಿ ಮಕ್ಕಳ ರಜೆಯಲ್ಲೇ. ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸುತ್ತಾರೆ. ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿ ಬಣ್ಣ ಮಾಡಿಕೊಂಡು, ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯುತ್ತಾರೆ. ಆ ಕೆಲಸವನ್ನು ಹತ್ತಿರ ಕುಳಿತು ನೋಡಬೇಕು. ಕುಂಚ ಎಂದರೆ ನಾಲ್ಕಾರು ಎಳೆ ಅಷ್ಟೇ. ಕೆಂಪು ನೆಲದ ಮೇಲೆ ಅದನ್ನು ಎಳೆದಾಗ ಹಸಿ ಗೆರೆ ಮಸುಕಾಗಿರುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗೆ ಎದ್ದು ನಿಲ್ಲುತ್ತದೆ. ಒಂದರ ಪಕ್ಕ ಒಂದು ಗೆರೆ, ಅಡ್ಡಕ್ಕೆ ಇನ್ನೊಂದು, ನಡುವೆ ಜೋಗಿಜಡೆ ಎಂಬ ವಿನ್ಯಾಸ. ಅಂಗೈ ಬುಟ್ಟಿಯ ಅಂಚಿಗೆ ಊರಿ, ಬೆರಳು ಮಾತ್ರ ಆಡಿಸುವ ಆ ಹದ ಹೇಳಿ ಬರುವಂಥದ್ದಲ್ಲ, ಪಕ್ಕದಲ್ಲಿ ಕುಳಿತೇ ಬರಬೇಕು.

ಕೈಗೆ ಕುಳಿತ ಕೆಲಸ ಹೆಸರುಗಳಿಗಿಂತ ಎಷ್ಟೋ ಕಾಲ ಹೆಚ್ಚು ಉಳಿಯುತ್ತದೆ. ಮರಿಮಗಳ ಹೆಸರು ಮರೆತ ಮುತ್ತಜ್ಜಿ ಸೊಸೆಯ ಗೆರೆಯ ಡೊಂಕನ್ನು ಹಿಡಿಯುತ್ತಾರೆ ಎಂದರೆ ಅದರಲ್ಲಿ ವಿಚಿತ್ರವೇನಿಲ್ಲ. ಅತ್ತೆಯವರನ್ನು ಕೇಳಿ ಮಗಳಿಗೂ ಒಂದು ಚಿಕ್ಕ ಬುಟ್ಟಿ ಕೊಡಿಸಿ. ಅವಳು ಮುತ್ತಜ್ಜಿಯ ಪಕ್ಕ ಕುಳಿತು ಬರೆಯಲಿ, ತಪ್ಪಲಿ, ಬೈಸಿಕೊಳ್ಳಲಿ. ಮಗ ಕೆಮ್ಮಣ್ಣು ಕಲಸಲಿ, ಮೈಗೆಲ್ಲ ಬಳಿದುಕೊಳ್ಳಲಿ. ಗುರುತು ಹಿಡಿಯುವುದು, ಬಿಡುವುದು ಆಗ ಯಾರಿಗೂ ಮುಖ್ಯವಾಗುವುದಿಲ್ಲ. ಇಬ್ಬರ ನಡುವೆ ಒಂದು ಕೆಲಸ ಇರುತ್ತದೆ. ರಜೆ ಹುಣ್ಣಿಮೆಯವರೆಗೆ ಇದ್ದರಂತೂ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ಗದ್ದೆಗೆ ಕರೆದೊಯ್ಯಿರಿ. ಹೊಡೆ ತುಂಬಿದ ಭತ್ತ, ಬಸುರಿ ಭೂಮಿಗೆ ಬಯಕೆಯ ಎಡೆ, ಬೆರಕೆ ಸೊಪ್ಪು, ಕಡುಬು, ಗದ್ದೆಯ ಬದುವಿನ ಮೇಲೆ ಮನೆಮಂದಿಯೆಲ್ಲ ಕುಳಿತು ಊಟ. ನಗರದ ಯಾವ ರಜಾ ಶಿಬಿರವೂ ಇದನ್ನು ಕೊಡಲಾರದು.

ಇನ್ನೊಂದು ಸಂಗತಿ ಇದೆ. ತೊಂಬತ್ತರ ಹತ್ತಿರ ಎಂದರೆ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನಿಮ್ಮ ಮುತ್ತಜ್ಜಿ ಮೂವತ್ತರ ಆಸುಪಾಸಿನ ಗೃಹಿಣಿ. ಆ ಭಾಗದ ಎಷ್ಟು ಮನೆ, ಎಷ್ಟು ಗದ್ದೆ ನೀರಿನ ಕೆಳಗೆ ಹೋದವು ಎಂಬುದನ್ನು ಕಣ್ಣಾರೆ ಕಂಡವರು ಈಗ ಕೆಲವೇ ಮಂದಿ ಉಳಿದಿದ್ದಾರೆ. ಅವರಿಗೆ ನಿನ್ನೆಯ ಊಟ ನೆನಪಿರಲಿಕ್ಕಿಲ್ಲ. ಮುಳುಗಿದ ಊರಿನ ದಾರಿ, ದೇವರ ಬನ, ಬಾವಿಕಟ್ಟೆ ನೆನಪಿರಬಹುದು. ‘ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ?’ ಎಂಬಂಥ ಪ್ರಶ್ನೆಯನ್ನು ಮಗಳಿಗೆ ಹೇಳಿಕೊಡಿ. ‘ನಿಮಗೆ ಏನೇನು ನೆನಪಿದೆ?’ ಎಂದು ಪರೀಕ್ಷೆ ಮಾಡುವುದು ಬೇಡ. ಮಾತು ಬಂದರೆ ನಿಮ್ಮ ಯಜಮಾನರು ಸುಮ್ಮನೆ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಲಿ. ದುಃಖ ಬಂದರೆ ಮಾತು ಅಲ್ಲಿಗೆ ಬಿಡಿ. ದಸರಾ ಹೊತ್ತಿಗೆ ಹಿನ್ನೀರು ತುಂಬಿರುತ್ತದೆ, ಕಾಣುವುದೆಲ್ಲ ನೀರೇ. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಆಮೇಲೆ ಅದರೊಳಗೇ ಮುಳುಗಿದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಮುಂದೆ ಯಾವಾಗಲಾದರೂ ಮಕ್ಕಳಿಗೆ ಅದನ್ನು ತೋರಿಸಿ. ಬೆಂಗಳೂರಿನ ನಮ್ಮ ದೀಪಗಳಿಗೆ ದಶಕಗಳಿಂದ ವಿದ್ಯುತ್ ಕೊಟ್ಟದ್ದರಲ್ಲಿ ಶರಾವತಿಯ ಪಾಲು ದೊಡ್ಡದು. ಆ ಬೆಳಕಿಗಾಗಿ ಗದ್ದೆ ಬಿಟ್ಟುಕೊಟ್ಟವರು ತಮ್ಮದೇ ಮನೆಯವರು ಎಂಬುದು ನಿಮ್ಮ ಮಕ್ಕಳಿಗೆ ಗೊತ್ತಿರಬೇಕು.

ಈಗ ನಿಮ್ಮ ಪತ್ರ ಹೇಳದೆ ಬಿಟ್ಟ ವ್ಯಕ್ತಿಯ ಬಗ್ಗೆ. ಬುಟ್ಟಿ ಬರೆಯುತ್ತಾರೆ ಎಂಬ ಒಂದು ಮಾತು ಬಿಟ್ಟರೆ ನಿಮ್ಮ ಅತ್ತೆಯವರ ಬಗ್ಗೆ ಪತ್ರದಲ್ಲಿ ಏನೂ ಇಲ್ಲ. ಮುತ್ತಜ್ಜಿಗೆ ಸ್ನಾನ ಮಾಡಿಸುವವರು ಯಾರು? ರಾತ್ರಿ ಅವರು ಎದ್ದು ಬಾಗಿಲು ತೆಗೆಯಲು ಹೋದರೆ ಎಚ್ಚರವಾಗುವುದು ಯಾರಿಗೆ? ಅತ್ತೆಯವರಿಗೂ ಅರವತ್ತು ದಾಟಿರಬೇಕು. ವರ್ಷವಿಡೀ ಒಬ್ಬರನ್ನು ನೋಡಿಕೊಳ್ಳುವವರ ಮನೆಗೆ ನಾಲ್ವರು ನೆಂಟರಾಗಿ ಹೋದರೆ ಅವರಿಗೆ ಅದು ಸಂತೋಷ, ನಿಜ. ಜೊತೆಗೆ ದಿನಕ್ಕೆ ಮೂರು ಹೊತ್ತಿನ ಅಡುಗೆ, ಬಿಸಿನೀರಿನ ಒಲೆ, ಹಾಸಿಗೆ, ಬಟ್ಟೆಯ ರಾಶಿಯೂ ಹೌದು. ಸೊಸೆಯಾದ ನಿಮ್ಮ ಒಬ್ಬರ ತಲೆಗೆ ಇದನ್ನು ಕಟ್ಟುತ್ತಿಲ್ಲ. ನಿಮ್ಮ ಯಜಮಾನರು ಆ ಮನೆಯ ಮಗ, ಮುತ್ತಜ್ಜಿಯ ಮೊಮ್ಮಗ. ರಾತ್ರಿ ಅಜ್ಜಿಯ ಪಕ್ಕದಲ್ಲಿ ಅವರು ಮಲಗಲಿ. ಊಟ ಮಾಡಿಸಲಿ. ಅತ್ತೆಯವರು ತವರಿಗೆ ಹೋಗಿ ಎಷ್ಟು ದಿನವಾಯಿತೆಂದು ಕೇಳಿ, ನೀವಿರುವಾಗಲೇ ಎರಡು ದಿನ ಕಳುಹಿಸಿಕೊಡಿ. ಅಪ್ಪ ಮುದುಕಿ ಅಜ್ಜಿಗೆ ತಲೆ ಬಾಚುವುದನ್ನು ನಿಮ್ಮ ಮೂರು ವರ್ಷದ ಮಗ ಬಾಗಿಲಲ್ಲಿ ನಿಂತು ನೋಡಿದರೆ, ಹಿರಿಯರನ್ನು ಗೌರವಿಸು ಎಂದು ಅವನಿಗೆ ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಎಚ್ಚರಿಕೆಯ ಮಾತುಗಳನ್ನು ಬೇಗ ಮುಗಿಸುತ್ತೇನೆ. ಹಿರಿಯರಿರುವ ಮನೆಯಲ್ಲಿ ಮಾತ್ರೆಗಳು ಕಿಟಕಿಯ ಮೇಲೆ, ದಿಂಬಿನ ಪಕ್ಕ, ಎಲೆಯಡಿಕೆ ತಟ್ಟೆಯಲ್ಲಿ ಇರುತ್ತವೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಪುಟ್ಟ ಮಗು ಒಂದೇ ಒಂದು ನುಂಗಿದರೂ ಪ್ರಾಣಕ್ಕೆ ಅಪಾಯ. ಹೋದ ದಿನವೇ ಎಲ್ಲವನ್ನೂ ಎತ್ತರದ ಕಪಾಟಿಗೆ ಸೇರಿಸಿ. ಬಾವಿಗೂ ಹಿನ್ನೀರಿನ ದಂಡೆಗೂ ದೊಡ್ಡವರಿಲ್ಲದೆ ಮಕ್ಕಳು ಹೋಗಕೂಡದು. ಆಟಕ್ಕೆ ಗುಲಗಂಜಿ ಕೊಡಬೇಡಿ, ಆ ಬೀಜವನ್ನು ಜಗಿದರೆ ವಿಷ. ಆಟಿಕೆಗಳು ನಡೆದಾಡುವ ದಾರಿಯಲ್ಲಿ ಬಿದ್ದಿರದಂತೆ ನೋಡಿಕೊಳ್ಳಿ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ಹೊರಡುವ ಮುನ್ನ ಮಕ್ಕಳಿಗೆ ಜ್ವರ, ಕೆಮ್ಮು ಇದ್ದರೆ ಪ್ರಯಾಣ ಮುಂದೂಡಿ, ಅವರಿಗೆ ನೆಗಡಿಯಾಗಿ ಹೋಗುವುದು ಮುತ್ತಜ್ಜಿಗೆ ನ್ಯುಮೋನಿಯಾ ಆದೀತು.

ಕೊನೆಯ ಭೇಟಿ ಎಂದು ಹೇಳಬೇಕೇ ಎಂಬ ನಿಮ್ಮ ಪ್ರಶ್ನೆ. ಬೇಡ. ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಭಾರ ಹೊತ್ತುಕೊಂಡು ಮಗು ಒಂದು ವಾರ ಮುತ್ತಜ್ಜಿಯ ಮುಖವನ್ನೇ ನೋಡುತ್ತ ಕೂರುವುದು ಬೇಡ. ಆದರೆ ಅವಳಾಗಿಯೇ ‘ಮುತ್ತಜ್ಜಿ ಸತ್ತು ಹೋಗುತ್ತಾರಾ?’ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ‘ತುಂಬ ವಯಸ್ಸಾದವರು ಒಂದು ದಿನ ಸಾಯುತ್ತಾರೆ. ಈಗ ಅವರು ಇದ್ದಾರೆ, ಬಾ ಹೋಗೋಣ’ ಎನ್ನಿ. ಹೊರಡುವ ದಿನ ಹೇಳದೆ ಹಿಂಬಾಗಿಲಿನಿಂದ ಜಾರಿಕೊಳ್ಳಬೇಡಿ. ಮಕ್ಕಳು ಎದುರಿಗೆ ಹೋಗಿ ‘ಹೋಗಿ ಬರುತ್ತೇವೆ’ ಎಂದು ಹೇಳಿಯೇ ಹೊರಡಲಿ, ಮುತ್ತಜ್ಜಿಗೆ ಅದು ಅರ್ಧ ಗಂಟೆಯಲ್ಲಿ ಮರೆತುಹೋದರೂ ಸರಿ.

ದಾರಿ ಈಗ ಮೊದಲಿನಷ್ಟು ಕಷ್ಟವಿಲ್ಲ. ಲಾಂಚಿಗಾಗಿ ದಂಡೆಯಲ್ಲಿ ಕಾಯುವ ಕಾಲ ಮುಗಿದು, 2025ರ ಜುಲೈಯಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹಿಡಿದು ಸಾಗರದಲ್ಲಿ ಇಳಿದರೆ ಮಕ್ಕಳು ನಿದ್ದೆ ಮಾಡಿಕೊಂಡೇ ಹೋಗಬಹುದು. ಐದು ವರ್ಷದೊಳಗಿನ ಮಗನಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. ಮಗಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ. ಮುಂಗಡ ಟಿಕೆಟ್ 60 ದಿನ ಮೊದಲೇ ಸಿಗುತ್ತದೆ, ದಸರಾ ಹೊತ್ತಿನಲ್ಲಿ ಬೇಗ ಖಾಲಿಯೂ ಆಗುತ್ತದೆ. ಅದಕ್ಕೂ ಮೊದಲು ಅತ್ತೆಯವರಿಗೆ ಫೋನ್ ಮಾಡಿ, ಈ ವರ್ಷ ಬುಟ್ಟಿಗೆ ಮಣ್ಣು ಬಳಿಯುವುದು ಯಾವತ್ತು ಎಂದು ಕೇಳಿ. ಅದಕ್ಕಿಂತ ಒಂದು ದಿನ ಮೊದಲೇ ಊರು ಸೇರುವಂತೆ ಟಿಕೆಟ್ ತೆಗೆಸಿ.