ಕೆನಡಾದ ಒಂಟಾರಿಯೋದಲ್ಲಿ ಹಿತ್ತಲಲ್ಲೇ ಇಂಡಿಕಾ ಹೈಬ್ರಿಡ್ (ಮಿಶ್ರತಳಿ) ಗಾಂಜಾ ಬೆಳೆಸಬೇಕು. ಯಾವ ತಳಿಯಲ್ಲಿ ಬಡ್ (ಹೂಗೊಂಚಲು) ಅತಿ ದಪ್ಪ ಬರುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ?

ದಪ್ಪ ಬಡ್ ಬೇಡ ಮಾರಾಯ್ರೇ. 2021ರಲ್ಲಿ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ.

ಬ್ರಾಂಪ್ಟನ್ನಿನಲ್ಲಿ ಮನೆ ತಗೊಂಡ ಮೊದಲ ಬೇಸಿಗೆ. ಸಿದ್ದಾಪುರದ ಅಡಿಕೆ ತೋಟದಲ್ಲಿ ಬೆಳೆದವನಿಗೆ ಅಂಗೈಯಗಲ ಹಿತ್ತಲು ಕಂಡರೂ ಕೈ ತುರಿಸುತ್ತದೆ. 2018ರ ಅಕ್ಟೋಬರ್ 17ರಿಂದ ಇಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. (ಮುಂದೆ ಪಕ್ಕದ ಕ್ವಿಬೆಕ್ ಪ್ರಾಂತ್ಯಕ್ಕೆ ಹೋಗುವ ಯೋಚನೆಯಿದ್ದರೆ ಗಿಡದ ಆಸೆ ಬಿಡಿ. ಅಲ್ಲಿ ಒಂದಕ್ಕೂ ಅವಕಾಶವಿಲ್ಲ, ಆ ನಿಷೇಧವನ್ನು 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ.)

ನಾನು ಹಾಕಿದ್ದು ನಾರ್ದರ್ನ್ ಲೈಟ್ಸ್. ಅಫ್ಘಾನಿ ತಳಿಗೆ ಒಂಚೂರು ಥಾಯ್ ಬೆರೆಸಿದ ಹಳೇ ಹೈಬ್ರಿಡ್. ಗಿಡ ಕುಳ್ಳು, ಎಲೆ ಅಗಲ, ಬಣ್ಣ ಕಡುಹಸಿರು, ಗೆಣ್ಣಿಗೆ ಗೆಣ್ಣು ಅಂಟಿಕೊಂಡಂತಿರುತ್ತದೆ. ಹೂಬಿಡಲು ಶುರುಮಾಡಿದ ಮೇಲೆ ಏಳೆಂಟು ವಾರಕ್ಕೆ ಕೊಯ್ಲು. ಗಾಂಜಾದ ಇನ್ನೊಂದು ಬಗೆಯಾದ ಸಟೈವಾ ಕಡೆಗೆ ವಾಲಿದ ತಳಿಗಳು ಹತ್ತು ಹನ್ನೆರಡು ವಾರ ಎಳೆಯುತ್ತವೆ, ಅಷ್ಟರಲ್ಲಿ ಇಲ್ಲಿ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಇಂಡಿಕಾ ಹೈಬ್ರಿಡ್ ಆರಿಸಲು ನಿಜವಾದ ಕಾರಣ ಇದೇ.

ಮೇ ಕೊನೆಗೆ ನೆಟ್ಟೆ. ಆಗಸ್ಟಿನಲ್ಲಿ ಹಗಲು ಕುಗ್ಗುತ್ತಿದ್ದಂತೆ ಹೂ ಬಂತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಒಂದೊಂದು ತುದಿಯೂ ನನ್ನ ಮುಂಗೈಯಷ್ಟು ದಪ್ಪ, ಹಿಂಡಿದರೆ ಮರದ ತುಂಡು. ಫೋಟೋ ಹೊಡೆದದ್ದೇ ಹೊಡೆದದ್ದು.

ಆಮೇಲೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನನ್ನೊಳಗಿನ ಅಡಿಕೆ ಬೆಳೆಗಾರ ಎದ್ದು ಕೂತ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಕೊನೆಗೌಡ ಮರ ಹತ್ತಿ ಅಡಿಕೆ ಕೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಾನಲ್ಲ, ಕೊಳೆ ಬಾರದಿರಲಿ ಅಂತ? ನಾನೂ ನೀಲಿ ಟಾರ್ಪಾಲು ತಂದು ನಾಲ್ಕೂ ಗಿಡದ ಮೇಲೆ ಹೊದಿಸಿ, ಗಾಳಿಗೆ ಹಾರದಿರಲೆಂದು ಬುಡಕ್ಕೆ ಇಟ್ಟಿಗೆ ಇಟ್ಟೆ. ಆ ಇಟ್ಟಿಗೆಯೇ ನನ್ನ ತಲೆ ಮೇಲೆ ಬಿತ್ತು ಅನ್ನಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಅಡಿಕೆಯ ಕೊಳೆ ತರುವುದು ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ಅದಕ್ಕೆ ಹರಡಲು ನೀರೇ ವಾಹನ. ಮಳೆಹನಿ ಸಿಡಿದು ಕಾಯಿಂದ ಕಾಯಿಗೆ ಹೋಗುತ್ತದೆ, ಕೊಟ್ಟೆ ಆ ಹನಿಯನ್ನು ತಡೆಯುತ್ತದೆ. ಅದರ ಮೇಲೆ ಕೊಟ್ಟೆಯ ಕೆಳಬಾಯಿ ತೆರೆದೇ ಇರುತ್ತದೆ, ಅಡಿಕೆಗೆ ಗಟ್ಟಿ ಸಿಪ್ಪೆಯಿದೆ. ಇಲ್ಲಿ ಬರುವುದು ಬೊಟ್ರೈಟಿಸ್, ಬೂದು ಬೂಷ್ಟು. ಅದರ ಬೀಜಕಣ ಗಾಳಿಯಲ್ಲಿ ಮೊದಲೇ ಇರುತ್ತದೆ, ಹೊಸದಾಗಿ ಬರಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ತಂಪು, ತೇವ, ಅಲುಗಾಡದ ಗಾಳಿ. ಗಿಡ ತಾನೇ ಉಸಿರಾಡಿ ತೇವ ಬಿಡುತ್ತದೆ. ನಾನು ಆ ಉಸಿರನ್ನು ಟಾರ್ಪಾಲಿನೊಳಗೆ ಕೂಡಿಹಾಕಿ, ಇಟ್ಟಿಗೆ ಇಟ್ಟು ಮುಚ್ಚಿ, ಆಫೀಸಿಗೆ ಹೋದೆ! ಬಡ್ ಎಷ್ಟು ದಪ್ಪವೋ ಒಳಗೆ ಅಷ್ಟು ಹೊತ್ತು ಆರುವುದಿಲ್ಲ. ಮಳೆಯಲ್ಲಿ ಹಾಗೇ ನೆನೆಯಲು ಬಿಟ್ಟು, ನಿಂತ ಮೇಲೆ ಕೊಂಬೆ ಕೊಡವಿದ್ದರೂ ಅರ್ಧಕ್ಕರ್ಧ ಉಳಿಯುತ್ತಿತ್ತು.

ನಾಲ್ಕನೇ ದಿನ ಟಾರ್ಪಾಲು ಸರಿಸಿದೆ. ಹೊರಗಿನಿಂದ ಎಲ್ಲ ಹಸಿರು. ಅತಿ ದಪ್ಪ ತುದಿಯ ನಡುವೆ ಒಂದೇ ಒಂದು ಪುಟ್ಟ ಎಲೆ ಹಳದಿಯಾಗಿತ್ತು. ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬಡ್ ಬಿಡಿಸಿದರೆ ಒಳಗೆ ಕಂದು ಲದ್ದಿ, ಬೂದು ಬಣ್ಣದ ಹೊಗೆಯಂಥ ಪುಡಿ ಮುಖಕ್ಕೇ ಹಾರಿತು. ನಾಲ್ಕರಲ್ಲಿ ಮೂರು ಗಿಡ ಕಸದ ಚೀಲಕ್ಕೆ. ಬೂಷ್ಟು ಹಿಡಿದದ್ದನ್ನು ಕತ್ತರಿಸಿ ಉಳಿದದ್ದು ಸೇದೋಣ ಅನ್ನುವವರಿದ್ದಾರೆ, ಅವರ ಮಾತು ಕೇಳಬೇಡಿ, ಶ್ವಾಸಕೋಶ ನಿಮ್ಮದು. ಊರಿನ ನೆನಪಲ್ಲಿ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಯೋಚನೆಯೂ ಬೇಡ. ಅಡಿಕೆಯಾದರೆ ಸುಲಿದು ತಿನ್ನುತ್ತೀರಿ, ಇದಕ್ಕೆ ಸಿಪ್ಪೆಯೇ ಇಲ್ಲ.

ಈಗ ನಾನು ಎರಡೇ ಗಿಡ ಹಾಕುವುದು, ನಡುವೆ ಆರಡಿ ಬಿಟ್ಟು. ಒಳಗಿನ ಎಲೆ ಜುಲೈಯಿಂದಲೇ ತೆಗೆಯುತ್ತೇನೆ, ಕೊಂಬೆಗಳನ್ನು ದಾರದಿಂದ ಹೊರಕ್ಕೆ ಬಾಗಿಸಿ ಕಟ್ಟುತ್ತೇನೆ. ಒಂದು ದಪ್ಪ ತುದಿಯ ಬದಲು ಹತ್ತು ಸಣ್ಣವು. ಸೆಪ್ಟೆಂಬರ್ ಕೊನೆಗೆ ಎಡೆಬಿಡದ ಮಳೆಯ ಮುನ್ಸೂಚನೆ ಕಂಡರೆ ವಾರ ಮೊದಲೇ ಕೊಯ್ದುಬಿಡುತ್ತೇನೆ.

ನಿದ್ದೆಯ ವಿಷಯ. ಇಂಡಿಕಾ ಅನ್ನುವ ಹೆಸರನ್ನು ಫ್ರೆಂಚ್ ಸಸ್ಯವಿಜ್ಞಾನಿ ಲಾಮಾರ್ಕ್ 1785ರಲ್ಲಿ ಇಟ್ಟದ್ದು ಭಾರತದ ಗಿಡ ನೋಡಿ. ಇವತ್ತು ಅಂಗಡಿಯಲ್ಲಿ ಇಂಡಿಕಾ ಅಂತ ಮಾರುವ ಕುಳ್ಳು ಗಿಡಗಳ ಮೂಲ ಹಿಂದೂಕುಶ್ ಕಡೆಯದು. ಹೆಸರು ಗಿಡದ ಮೈಕಟ್ಟು ಹೇಳುತ್ತದೆ, ನಿಮ್ಮ ನಿದ್ದೆಯ ಬಗ್ಗೆ ಏನೂ ಹೇಳುವುದಿಲ್ಲ. ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಮಕ್ಕಳಿದ್ದರೆ ಒಣಗಿಸಿದ ಡಬ್ಬಿಗೆ ಬೀಗ ಹಾಕಿ. ಊರಿಗೆ ಹೋಗುವಾಗ ಇದರ ಒಂದು ಚೂರೂ ಸೂಟ್‌ಕೇಸಿನಲ್ಲಿ ಇರಬಾರದು, ಗಡಿ ದಾಟಿಸಿದರೆ ಇಲ್ಲೇ ಅಪರಾಧ, ಅಲ್ಲಿ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಬೇರೆ ಕಾಯುತ್ತಿರುತ್ತದೆ.

ಟಾರ್ಪಾಲು ಇನ್ನೂ ಇದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೊದಿಸಿದ್ದೇನೆ.